ಬಿಳಲುಗಳ ಋಣ

ಕಾಲೇಜೆಂಬುದು ಒಂದು ವಿಚಿತ್ರವಾದ ಮನೆ. ಅಲ್ಲಿ ಕಲ್ಲುಗೋಡೆಗಳಿಗೆ ವಯಸ್ಸಾಗುತ್ತದೆ, ಗಡಿಯಾರದ ಗೋಪುರಕ್ಕೆ ವಯಸ್ಸಾಗುತ್ತದೆ, ಪಾಠ ಹೇಳುವ ಗುರುಗಳ ತಲೆಯೂ ನೆರೆಯುತ್ತದೆ. ವಿದ್ಯಾರ್ಥಿಗೆ ಮಾತ್ರ ಎಂದೆಂದಿಗೂ ಇಪ್ಪತ್ತೇ ವರ್ಷ. ಬಂದವನು ಮೂರು ನಾಲ್ಕು ವರ್ಷ ಇದ್ದು ಹೊರಟುಹೋಗುತ್ತಾನೆ. ಅವನು ಕುಳಿತ ಬೆಂಚಿನ ಮೇಲೆ ಅವನ ಹೆಸರನ್ನೇ ಕೇಳದ ಇನ್ನೊಬ್ಬ ಬಂದು ಕೂರುತ್ತಾನೆ. ಇಂತಹ ಮನೆಯೊಳಗೆ ಹುಡುಗರೇ ಕಟ್ಟಿಕೊಂಡ ಒಂದು ಸಂಘ ನೂರಾರು ವರ್ಷ ಬಾಳಬೇಕಾದರೆ ಅದರ ಒಲೆಯ ಕೆಂಡವನ್ನು ಕಾಯುವವರು ಯಾರು?

ಅಮೆರಿಕದ ಕಾಲೇಜುಗಳ ಭ್ರಾತೃಸಂಘಗಳ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಅಲ್ಲಿನವರು ಫ್ರೆಟರ್ನಿಟಿ ಎಂದು ಕರೆಯುವ ಈ ಸಂಘಗಳಿಗೆ ಗ್ರೀಕ್ ಅಕ್ಷರಗಳೇ ಹೆಸರು. ಈ ಪದ್ಧತಿಗೆ ನಾಂದಿ ಹಾಡಿದ್ದು 1776ರಲ್ಲಿ ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ. ಒಂದು ಸಂಘಕ್ಕೆ ಬೇರೆ ಬೇರೆ ಕಾಲೇಜುಗಳಲ್ಲಿ ಶಾಖೆಗಳಿರುತ್ತವೆ. ಪ್ರತಿಯೊಂದು ಶಾಖೆಗೂ ಕೇಂದ್ರ ಸಂಸ್ಥೆಯಿಂದ ಒಂದು ಸನ್ನದು. ಹೊಸಬನಿಗೆ ಗುಟ್ಟಾದ ದೀಕ್ಷೆ. ಅನೇಕ ಕಡೆ ಸದಸ್ಯರು ಒಟ್ಟಿಗೆ ಉಂಡು, ಓದಿ, ಮಲಗುವುದಕ್ಕೆ ಒಂದು ಮನೆ. ಆ ಮನೆ ಸಾಮಾನ್ಯವಾಗಿ ಹುಡುಗರ ಸ್ವತ್ತಲ್ಲ. ಬಹಳ ಕಡೆಗಳಲ್ಲಿ ಅದು ಹಳೆಯ ಸದಸ್ಯರು ಸೇರಿ ನೋಂದಾಯಿಸಿಕೊಂಡ ಮಂಡಲಿಯೊಂದರ ಆಸ್ತಿ. ಹುಡುಗರು ಕೊಡುವ ಬಾಡಿಗೆಯಿಂದ ಸಾಲದ ಕಂತು, ತೆರಿಗೆ, ವಿಮೆ, ಚಾವಣಿಯ ದುರಸ್ತಿ ಎಲ್ಲವೂ ಸಾಗಬೇಕು. ಒಂದು ವರ್ಷ ಹೊಸಬರು ಕಡಿಮೆಯಾದರೆ ಬಾಡಿಗೆ ಕಡಿಮೆ. ಬಾಡಿಗೆ ಕಡಿಮೆಯಾದರೆ ದುರಸ್ತಿ ನಿಂತಿತು. ಸೋರುವ ಮನೆಗೆ ಮರುವರ್ಷ ಯಾರೂ ಬರುವುದಿಲ್ಲ. ಹೀಗೆ ಒಂದು ಶಾಖೆ ಸಾಯುವುದಕ್ಕೆ ಎರಡು ಮೂರು ವರ್ಷಗಳು ಧಾರಾಳವಾಗಿ ಸಾಕು.

ಸತ್ತ ಶಾಖೆ ಮತ್ತೆ ಹುಟ್ಟುವುದೂ ಉಂಟು. ಅದನ್ನು ನೋಡುವುದಕ್ಕೆ ಓಹಾಯೊ ರಾಜ್ಯದ ಆಕ್ಸ್‌ಫರ್ಡ್ ಎಂಬ ಪುಟ್ಟ ಊರಿಗೆ ಹೋಗಬೇಕು. ಅಲ್ಲಿರುವುದು ಮಯಾಮಿ ವಿಶ್ವವಿದ್ಯಾಲಯ. ಫ್ಲಾರಿಡದ ಕಡಲತೀರದ ಮಯಾಮಿ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ. 1809ರಲ್ಲಿ ಸನ್ನದು ಪಡೆದು 1824ರಲ್ಲಿ ಪಾಠ ಆರಂಭಿಸಿದ ಈ ವಿದ್ಯಾಲಯದಲ್ಲಿ 1839ರಲ್ಲಿ ಬೀಟಾ ಥೀಟಾ ಪೈ, 1848ರಲ್ಲಿ ಫೈ ಡೆಲ್ಟಾ ಥೀಟಾ, 1855ರಲ್ಲಿ ಸಿಗ್ಮಾ ಕೈ ಎಂಬ ಮೂರು ದೊಡ್ಡ ಸಂಘಗಳು ಹುಟ್ಟಿದುವು.

ಇವುಗಳಲ್ಲಿ ನಡುವಣದು ಹುಟ್ಟಿದ್ದೇ ಒಂದು ವಿಪತ್ತಿನ ಬೆನ್ನಿಗೆ. 1848ರ ಜನವರಿಯಲ್ಲಿ ಹೇರಳವಾಗಿ ಹಿಮ ಬಿದ್ದಿತು. ತುಂಟ ಹುಡುಗರು ರಾತ್ರೋರಾತ್ರಿ ಹಿಮದ ಉಂಡೆಗಳನ್ನು ಉರುಳಿಸಿಕೊಂಡು ಬಂದು ಮುಖ್ಯ ಕಟ್ಟಡದ ಬಾಗಿಲುಗಳನ್ನು ಮುಚ್ಚಿಬಿಟ್ಟರು. ಅಧ್ಯಕ್ಷರು ಕೆರಳಿದರು. ಕೆರಳಿದಷ್ಟೂ ಹುಡುಗರು ಮತ್ತೆ ಹಿಮ ತುಂಬಿದರು. ಕೊನೆಗೆ ವಿಚಾರಣೆ ನಡೆದು ಬಹುಮಂದಿ ಕಾಲೇಜು ಬಿಡಬೇಕಾಯಿತು. ಅಲ್ಲಿದ್ದ ಎರಡು ಸಂಘಗಳ ಶಾಖೆಗಳೂ ಬರಿದಾದುವು. ಆ ವರ್ಷದ ಡಿಸೆಂಬರ್ 26ರ ರಾತ್ರಿ, ಕ್ರಿಸ್ಮಸ್ ರಜೆಯಲ್ಲಿ ಊರಿಗೆ ಹೋಗದೆ ಉಳಿದ ರಾಬರ್ಟ್ ಮಾರಿಸನ್ ಎಂಬ ವಿದ್ಯಾರ್ಥಿಯೂ ಅವನ ಐವರು ಗೆಳೆಯರೂ ವಸತಿಗೃಹದ ಒಂದು ಕೋಣೆಯಲ್ಲಿ ಸೇರಿ ಹೊಸ ಸಂಘವೊಂದಕ್ಕೆ ಸಂಕಲ್ಪ ಮಾಡಿದರು. ಅದೇ ಫೈ ಡೆಲ್ಟಾ ಥೀಟಾ.

ಸಂಘ ಹುಟ್ಟಿ ಮೂರು ವರ್ಷ ತುಂಬುವ ಮೊದಲೇ ಅದಕ್ಕೆ ಅಗ್ನಿಪರೀಕ್ಷೆ ಬಂತು. 1851ರಲ್ಲಿ ಇಬ್ಬರು ಸದಸ್ಯರು ಎಲ್ಲರ ಕಣ್ಣಿಗೆ ಬೀಳುವಂತೆ ಕುಡಿದು ನಡೆದುಕೊಂಡರು. ಆಗ ಶಾಖೆಯ ಅಧ್ಯಕ್ಷನಾಗಿದ್ದವನು ಬೆಂಜಮಿನ್ ಹ್ಯಾರಿಸನ್. ಇನ್ನೂ ಇಪ್ಪತ್ತು ತುಂಬದ ಹುಡುಗ. ಮುಂದೆ 1889ರಿಂದ 1893ರವರೆಗೆ ಅಮೆರಿಕದ ರಾಷ್ಟ್ರಾಧ್ಯಕ್ಷ ಪದವಿಯಲ್ಲಿದ್ದವನು ಇವನೇ. ಕೈಬೆರಳೆಣಿಕೆಯ ಸದಸ್ಯರಲ್ಲಿ ಇಬ್ಬರನ್ನು ಹೊರಹಾಕಿದರೆ ಸಂಘಕ್ಕೆ ಪೆಟ್ಟು ಬೀಳುವುದೆಂಬುದು ಎಲ್ಲರಿಗೂ ತಿಳಿದಿತ್ತು. ಆದರೂ ಹೊರಹಾಕಲಾಯಿತು, ಅವರ ಮೇಲಣ ಮರುಕದಿಂದ ಮತ್ತೆ ಕೆಲವರು ತಾವಾಗಿಯೇ ಬಿಟ್ಟುಹೋದರು. ಸಂಘ ಬಡವಾಯಿತು, ಆದರೆ ತಾನು ಬರೆದುಕೊಂಡ ಮಾತಿಗೆ ತಪ್ಪಲಿಲ್ಲ.

ಮುಂದಿನ ಪೆಟ್ಟು ಹುಡುಗರ ಕೈಮೀರಿದ್ದು. 1861ರಲ್ಲಿ ಅಂತರ್ಯುದ್ಧ ಆರಂಭವಾಯಿತು. ಒಂದೇ ಬೆಂಚಿನಲ್ಲಿ ಕುಳಿತವರು ಎರಡು ಸೈನ್ಯಗಳಿಗೆ ಹಂಚಿಹೋದರು. 1864ರ ಸೆಪ್ಟೆಂಬರ್ 17ರಂದು ಅಟ್ಲಾಂಟ ನಗರದ ಬಳಿ, ದಕ್ಷಿಣದ ಸೈನ್ಯದಲ್ಲಿದ್ದ ಸಿಗ್ಮಾ ಕೈ ಸದಸ್ಯರು ಕೆಲವರು ರಾತ್ರಿಯ ಹೊತ್ತು ಸೇರಿ ಕಾಲೇಜೇ ಇಲ್ಲದ ಶಾಖೆಯೊಂದನ್ನು ಕಟ್ಟಿಕೊಂಡರು. ಅದಕ್ಕೆ ಕಾನ್‌ಸ್ಟಂಟೈನ್ ಶಾಖೆಯೆಂದು ಹೆಸರಿಟ್ಟರು. ಓದಿದ ದಿನಗಳ ಸ್ನೇಹವನ್ನು ಕಾಯ್ದುಕೊಳ್ಳುವ ಅವರ ಹಂಬಲ ಮನಸ್ಸನ್ನು ಕರಗಿಸುತ್ತದೆ. ಆದರೆ ಅವರು ತೊಟ್ಟಿದ್ದ ಸಮವಸ್ತ್ರ ಗುಲಾಮಗಿರಿಯನ್ನು ಎತ್ತಿಹಿಡಿದ ಪಕ್ಷದ್ದು ಎಂಬುದನ್ನೂ ಮರೆಯುವಂತಿಲ್ಲ. ಸೋದರಭಾವ ದೊಡ್ಡದೇ ಸರಿ. ಆದರೆ ಯಾರು ಸೋದರರು, ಯಾರು ಅಲ್ಲ ಎಂಬ ಗೆರೆಯನ್ನು ಅದು ಎಲ್ಲಿ ಎಳೆಯುತ್ತದೆ ಎಂಬುದು ಅದಕ್ಕಿಂತ ದೊಡ್ಡ ಮಾತು.

ಯುದ್ಧ ಮುಗಿದರೂ ಮಯಾಮಿ ವಿದ್ಯಾಲಯ ಚೇತರಿಸಿಕೊಳ್ಳಲಿಲ್ಲ. ದಕ್ಷಿಣದಿಂದ ಬರುತ್ತಿದ್ದ ವಿದ್ಯಾರ್ಥಿಗಳು ನಿಂತುಹೋದರು, ಬೊಕ್ಕಸ ಬರಿದಾಯಿತು. 1873ರಲ್ಲಿ ಬಾಗಿಲಿಗೆ ಬೀಗ ಬಿತ್ತು. ಕಾಲೇಜೇ ಇಲ್ಲವೆಂದ ಮೇಲೆ ಅದರೊಳಗಿನ ಸಂಘಗಳ ಮಾತೇನು? ಮೂರು ಸಂಘಗಳ ಮೂಲ ಶಾಖೆಗಳೂ ಒಟ್ಟಿಗೆ ಆರಿದುವು.

ದೊಡ್ಡ ಆಲದ ಮರಗಳಲ್ಲಿ ಒಂದು ವಿಶೇಷವನ್ನು ಕಾಣಬಹುದು. ಕೊಂಬೆಯಿಂದ ಇಳಿದ ಬಿಳಲು ನೆಲ ಹಿಡಿದು ತಾನೇ ಕಾಂಡವಾಗುತ್ತದೆ. ಎಷ್ಟೋ ಕಾಲದ ಮೇಲೆ ನಡುವಣ ಮೂಲ ಕಾಂಡ ಟೊಳ್ಳಾಗಿ ಬಿದ್ದರೂ ಬಿಳಲುಗಳು ಮರವನ್ನು ಹೊತ್ತು ನಿಲ್ಲುತ್ತವೆ. ಈ ಸಂಘಗಳದೂ ಹಾಗೆಯೇ ಆಯಿತು. ಆಕ್ಸ್‌ಫರ್ಡಿನ ಕಾಂಡ ಬಿದ್ದಾಗ ಇತರ ಕಾಲೇಜುಗಳ ಶಾಖೆಗಳು ಜೀವಂತವಾಗಿದ್ದುವು. ಓದು ಮುಗಿಸಿ ವಕೀಲರೋ ಪಾದ್ರಿಗಳೋ ಮೇಷ್ಟರೋ ಆಗಿದ್ದ ಹಳೆಯ ಸದಸ್ಯರು ಊರೂರುಗಳಲ್ಲಿದ್ದರು. ಹನ್ನೆರಡು ವರ್ಷ ಕಳೆದು 1885ರಲ್ಲಿ ವಿದ್ಯಾಲಯ ಮತ್ತೆ ತೆರೆಯಿತು. ಹಿಂದೆ ಅಲ್ಲಿಯೇ ಗಣಿತ ಕಲಿಸುತ್ತಿದ್ದ ರಾಬರ್ಟ್ ಮ್ಯಾಕ್‌ಫರ್ಲೆಂಡರೇ ಅಧ್ಯಕ್ಷರಾಗಿ ಮರಳಿ ಬಂದರು. ಆಮೇಲೆ ಒಂದೊಂದಾಗಿ ಮೂರು ಸಂಘಗಳ ಮೂಲ ಶಾಖೆಗಳೂ ಮತ್ತೆ ತಲೆಯೆತ್ತಿದುವು. ಹೊಸದಾಗಿ ಬಂದ ಹುಡುಗನಿಗೆ ಹಳೆಯ ಸಂಘದ ನೆನಪಿರುವುದು ಸಾಧ್ಯವಿರಲಿಲ್ಲ. ಮುಚ್ಚಿದಾಗ ಅವನು ಇನ್ನೂ ಎಳೆಯ ಮಗು. ನೆನಪು ಉಳಿದಿದ್ದುದು ಹೊರಗೆ ಹೋದವರಲ್ಲಿ. ಅವರು ಅದನ್ನು ತಂದು ಒಪ್ಪಿಸಿದ್ದರಿಂದಲೇ ಹೊಸ ಹುಡುಗ ಹಳೆಯ ಮನೆಯ ಮಗನಾದ.

ಅಂದಿನಿಂದ ಇಂದಿನವರೆಗೂ ಈ ಮರುಹುಟ್ಟಿನ ಕ್ರಮ ಹೆಚ್ಚು ಬದಲಾಗಿಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಎಷ್ಟೋ ಮನೆಗಳು ಸಾಲಕ್ಕೆ ಸಿಕ್ಕಿದುವು. ಎರಡನೆಯ ಮಹಾಯುದ್ಧದಲ್ಲಿ ಹುಡುಗರೆಲ್ಲ ಸೈನ್ಯಕ್ಕೆ ಹೋಗಿ ಎಷ್ಟೋ ಶಾಖೆಗಳು ಬರಿದಾದುವು. ಶಾಖೆಯೊಂದನ್ನು ಮತ್ತೆ ಎಬ್ಬಿಸಬೇಕಾದಾಗ ಕೇಂದ್ರ ಸಂಸ್ಥೆಯಿಂದ ತರುಣನೊಬ್ಬ ಬಂದು ಹೊಸ ಸದಸ್ಯರನ್ನು ಆರಿಸುತ್ತಾನೆ. ಸಂಖ್ಯೆ, ಹಣ, ಓದು, ನಡತೆ ಎಲ್ಲವೂ ಒಂದು ಮಟ್ಟಕ್ಕೆ ಬರುವತನಕ ಸನ್ನದು ಸಿಕ್ಕುವುದಿಲ್ಲ. ಆ ನಡುವೆ ಹಳೆಯ ಸದಸ್ಯರು ಲೆಕ್ಕಪತ್ರ ನೋಡುತ್ತಾರೆ, ಬುದ್ಧಿ ಹೇಳುತ್ತಾರೆ, ಸಾಲಕ್ಕೆ ಜಾಮೀನು ನಿಲ್ಲುತ್ತಾರೆ.

ಆದರೆ ಕಟ್ಟಡವನ್ನು ಎಬ್ಬಿಸಿದಷ್ಟು ಸುಲಭವಾಗಿ ನಡತೆಯನ್ನು ಎಬ್ಬಿಸಲಾಗುವುದಿಲ್ಲ. ಬೀಟಾ ಥೀಟಾ ಪೈ ಸಂಘಕ್ಕೆ ಪೆನ್ಸಿಲ್ವೇನಿಯದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಒಂದು ಶಾಖೆಯಿತ್ತು. ಹಿಂದೊಮ್ಮೆ ಮುಚ್ಚಿ ಮತ್ತೆ ಕಟ್ಟಲ್ಪಟ್ಟ ಶಾಖೆ ಅದು. ಶ್ರೀಮಂತನಾದ ಹಳೆಯ ಸದಸ್ಯನೊಬ್ಬ ಬಹುದೊಡ್ಡ ಮೊತ್ತ ಸುರಿದು ಅದರ ಮನೆಯನ್ನು ಅರಮನೆಯಂತೆ ಮಾಡಿಸಿದ್ದ. ಕಾಗದದ ಮೇಲೆ ಆ ಮನೆಯಲ್ಲಿ ಮದ್ಯಕ್ಕೆ ಎಡೆಯಿರಲಿಲ್ಲ. 2017ರ ಫೆಬ್ರವರಿಯಲ್ಲಿ ಅದೇ ಮನೆಯಲ್ಲಿ ಹೊಸಬರ ರ‍್ಯಾಗಿಂಗಿನ ಹೆಸರಿನಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬನಿಗೆ ಮಿತಿಮೀರಿ ಕುಡಿಸಿದರು. ಅವನು ಮೆಟ್ಟಿಲಿನಿಂದ ಉರುಳಿಬಿದ್ದ. ಸೋದರರೆನಿಸಿಕೊಂಡವರು ಸಹಾಯಕ್ಕೆ ಕರೆ ಮಾಡಿದ್ದು ಸುಮಾರು ಹನ್ನೆರಡು ಗಂಟೆಗಳ ಅನಂತರ. ಹುಡುಗ ಉಳಿಯಲಿಲ್ಲ. ವಿಶ್ವವಿದ್ಯಾಲಯ ಆ ಶಾಖೆಯನ್ನು ಶಾಶ್ವತವಾಗಿ ನಿಷೇಧಿಸಿತು. 2018ರಲ್ಲಿ ಆ ರಾಜ್ಯ ಅವನ ಹೆಸರಿನಲ್ಲೇ ರ‍್ಯಾಗಿಂಗ್ ವಿರೋಧಿ ಶಾಸನ ತಂದಿತು. ಮಗನನ್ನು ಕಳೆದುಕೊಂಡ ತಾಯಿತಂದೆಯರಿಗೆ ಆ ಮನೆಯ ವೈಭವದಿಂದ ಆಗಬೇಕಾದದ್ದೇನು?

ಈ ಕಥೆಯ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಬೇಕು. ಹ್ಯಾರಿಸನ್ ಅಧ್ಯಕ್ಷನಾಗಿದ್ದ ಸಂಘ ತನ್ನ ಎಲ್ಲ ಶಾಖೆಗಳ ಮನೆಗಳಲ್ಲಿಯೂ ಮದ್ಯ ಕೂಡದೆಂದು 1997ರಲ್ಲಿ ಸಾರಿ, 2000ದಲ್ಲಿ ಅದನ್ನು ಜಾರಿಗೆ ತಂದಿತು. ನಿಯಮ ಮಾತ್ರದಿಂದ ಎಲ್ಲವೂ ನೆಟ್ಟಗಾಗುವುದಿಲ್ಲ. ಪೆನ್ಸಿಲ್ವೇನಿಯದ ಆ ಮನೆಯಲ್ಲಿಯೂ ನಿಯಮವಿತ್ತಲ್ಲವೆ? ನಿಯಮದ ಬಳಿ ಎದ್ದು ನಿಂತು, "ಇವನು ನನ್ನ ಗೆಳೆಯನೇ ಹೌದು, ಆದರೂ ಇದು ತಪ್ಪು" ಎನ್ನುವ ಒಬ್ಬ ಹುಡುಗ ಬೇಕು. 1851ರಲ್ಲಿ ಅಂಥವನೊಬ್ಬ ಇದ್ದ. ಅಂತಹ ಹುಡುಗನನ್ನು ಹಣದಿಂದ ಕೊಳ್ಳುವಂತಿಲ್ಲ. ಹಿರಿಯರು ಜೊತೆಯಲ್ಲಿ ಕುಳಿತು, ಕೇಳಿ, ಗದರಿಸಿ, ಒಲಿಸಿ ಬೆಳೆಸಬೇಕು.

ನಮ್ಮ ಹಿರಿಯರು ಮನುಷ್ಯ ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆ ಎಂದರು: ದೇವಋಣ, ಋಷಿಋಣ, ಪಿತೃಋಣ. ಇವುಗಳಲ್ಲಿ ವಿದ್ಯೆಯ ಋಣವನ್ನು ಕೊಟ್ಟವನಿಗೆ ಹಿಂದಿರುಗಿಸಲಾಗದು. ಮುಂದೆ ಬರುವವನಿಗೆ ಕೊಟ್ಟೇ ತೀರಿಸಬೇಕು. ವಾರಾನ್ನ ಉಂಡು ಓದಿದವನು ಮುಂದೆ ತನ್ನ ಮನೆಯಲ್ಲಿ ಬಡ ಹುಡುಗನಿಗೆ ಎಲೆ ಹಾಕಿಸುತ್ತಿದ್ದುದು ಈ ಋಣದ ಅರಿವಿನಿಂದಲೇ. ಓಹಾಯೊದ ಆ ಹಳೆಯ ವಕೀಲರಿಗೂ ಮೇಷ್ಟರಿಗೂ ಈ ಮಾತು ತಿಳಿದಿರಲಾರದು. ಅದರಂತೆ ನಡೆದದ್ದು ಮಾತ್ರ ನಿಜ.

ಹಳೆಯ ವಿದ್ಯಾರ್ಥಿಗಳು ಕಾಲೇಜಿಗೆ ಮರಳಿ ಬರುವುದು ಎರಡು ಬಗೆ. ಒಬ್ಬ ತನ್ನ ಇಪ್ಪತ್ತನೆಯ ವರ್ಷವನ್ನು ಹುಡುಕಿಕೊಂಡು ಬರುತ್ತಾನೆ. ಚೆಕ್ಕಿಗೆ ಸಹಿ ಹಾಕಿ, ಗೋಡೆಯ ಮೇಲೆ ತನ್ನ ಹೆಸರನ್ನು ಓದಿಕೊಂಡು ಹೋಗುತ್ತಾನೆ. ಇನ್ನೊಬ್ಬ ಇಂದಿನ ಹುಡುಗನನ್ನು ಹುಡುಕಿಕೊಂಡು ಬರುತ್ತಾನೆ. ಅವನ ಊಟವೇನು, ಓದೇನು, ರಾತ್ರಿ ಆ ಮನೆಯಲ್ಲಿ ನಡೆಯುವುದೇನು ಎಂದು ಕೇಳುತ್ತಾನೆ. ಮೊದಲಿನವನಿಂದ ಚಾವಣಿ ನಿಲ್ಲುತ್ತದೆ, ಅದೂ ಬೇಕಾದದ್ದೇ. ಎರಡನೆಯವನು ಬರುವ ಮನೆಯಲ್ಲಿ ಮಾತ್ರ, ದೂರದ ಊರಿನಲ್ಲಿರುವ ತಾಯಿಯೊಬ್ಬಳು ಮಗನನ್ನು ಕಳುಹಿಸಿ ನಿಶ್ಚಿಂತೆಯಿಂದ ನಿದ್ರೆ ಮಾಡಬಲ್ಲಳು.