ಅರ್ಥವಾಗದ ದನಿ

ವಾಷಿಂಗ್ಟನ್ ಸುತ್ತಿನ ಬೆಲ್ಟ್‌ವೇ ಹೆದ್ದಾರಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಥೀವರಿ ಕಾರ್ಪೊರೇಷನ್ ಸಂಗೀತ ಹಾಕ್ಕೊಳ್ಳೋದು ನನ್ನ ಚಟ. ಅವರೂ ವಾಷಿಂಗ್ಟನ್ ಡಿಸಿಯವರೇ. ರಾಬ್ ಗಾರ್ಜಾ, ಎರಿಕ್ ಹಿಲ್ಟನ್ ಜೋಡಿ 1995ರಲ್ಲಿ ಏಟೀನ್ತ್ ಸ್ಟ್ರೀಟ್ ಲೌಂಜ್‌ನಲ್ಲಿ ಶುರು ಮಾಡಿದ್ದು. ತಾವು ಹೆಚ್ಚಾಗಿ ಹಾಡೋದಿಲ್ಲ, ಬೀಟ್ ಕಟ್ಟಿ, ಅದರ ಮೇಲೆ ಬೇರೆ ಬೇರೆ ಭಾಷೆಯವರನ್ನ ಕರೆದು ಹಾಡಿಸ್ತಾರೆ.

2002ರ 'ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲಾನ್' ಆಲ್ಬಮ್‌ನಲ್ಲಿ ಲೂಲೂ ಅನ್ನುವ ಗಾಯಕಿ ಫ್ರೆಂಚ್‌ನಲ್ಲಿ ಹಾಡಿದ್ದಾರೆ. ನನಗೆ ಒಂದಕ್ಷರ ಗೊತ್ತಾಗಲ್ಲ. ಅರ್ಧ ಉಸಿರು, ಅರ್ಧ ದನಿ. ಕೊಳಲು ಇರಬೇಕಾದ ಜಾಗದಲ್ಲಿ ಆಕೆ ಕೂತಿರ್ತಾರೆ. ಅದೇ 2005ರ 'ದಿ ಕಾಸ್ಮಿಕ್ ಗೇಮ್'ನಲ್ಲಿ ಗಾಯಕಿ ಗುಂಜನ್ ಹಾಡಿರುವ 'ಸತ್ಯಂ ಶಿವಂ ಸುಂದರಂ' ಬಂದ್ರೆ, ಅರ್ಥ ಗೊತ್ತಾಗೋದ್ರಿಂದ ಕಿವಿ ಮಾತಿನ ಹಿಂದೆ ಓಡುತ್ತೆ, ಬೀಟ್ ಎಲ್ಲೋ ಉಳಿದುಬಿಡುತ್ತೆ. ಪಕ್ಕದಲ್ಲಿ ಕೂತ ಅಮೆರಿಕನ್ ಗೆಳೆಯನಿಗೆ ಮಾತ್ರ ಅದು ಬರೀ ನಾದ. ಅವನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು!

ಈ ಜೋಡಿ ಬೇರೆಯವರ ಭಾಷೆಯನ್ನ ಒಗ್ಗರಣೆ ಥರ ಬಳಸ್ತಾರೆ ಅನ್ನೋ ಆಕ್ಷೇಪ ಇದೆ. ಅರ್ಧ ಒಪ್ಪುತ್ತೇನೆ. ಆದರೆ ಹಾಡಿದವರ ಹೆಸರು ಆಲ್ಬಮ್ ಮೇಲೆ ಹಾಕ್ತಾರೆ. ಎಲ್ಲಿಂದಲೋ ಕತ್ತರಿಸಿ ತಂದ ಅನಾಮಧೇಯ ಆಲಾಪಕ್ಕಿಂತ ಇದು ಎಷ್ಟೋ ವಾಸಿ. ಅಲ್ಲದೆ ಅರ್ಥದ ಹಂಗಿಲ್ಲದ ದನಿ ನಮಗೇನು ಹೊಸದಾ? ಹಿಂದೂಸ್ತಾನಿಯಲ್ಲಿ ತರಾನಾ ಇದೆ, ಕರ್ನಾಟಕ ಸಂಗೀತದಲ್ಲಿ ಕೊನ್ನಕೋಲ್ ಇದೆ.

ಕನ್ನಡವನ್ನೂ ಹೀಗೇ ಬರೀ ನಾದ ಮಾಡಿ ನೋಡೋಣ ಅಂತ ಮೊನ್ನೆ ಫೋನಲ್ಲಿ 'ಅಳು', 'ಗಟ್ಟಿ' ಅಂತ ರೆಕಾರ್ಡ್ ಮಾಡಿ, ತುಂಡರಿಸಿ ಸಂಗೀತದ ಕೀಬೋರ್ಡಿಗೆ ಹಾಕಿದೆ. 'ಟ್ಟ' ಒಳ್ಳೇ ಡ್ರಮ್. 'ಳ'ವನ್ನ ಎರಡು ಸ್ಥಾಯಿ ಕೆಳಗಿಳಿಸಿದ್ರೆ ಹಳೇ ಬಾಗಿಲು ಕಿರುಗುಟ್ಟಿದ ಹಾಗೆ, ಭಯಂಕರ ಚೆನ್ನಾಗಿದೆ. ಕನ್ನಡದಲ್ಲಿ ಯಾರಾದ್ರೂ ಇಂಥದ್ದು ಮಾಡಿದ್ರೆ ಲಿಂಕ್ ಹಾಕಿ ಪ್ಲೀಸ್.