ಕಾವೇರಿಯ ಗಂಡನಿಗೆ ಮದ್ದು ಕೊಟ್ಟವರಾರು?

'ಶರಪಂಜರ' ಚಿತ್ರ ಯಾರಿಗೆ ನೆನಪಿಲ್ಲ? ತ್ರಿವೇಣಿಯವರ ಕಾದಂಬರಿಯನ್ನು 1971ರಲ್ಲಿ ಪುಟ್ಟಣ್ಣ ಕಣಗಾಲ್ ತೆರೆಗೆ ತಂದರು. ಹೆರಿಗೆಯ ನಂತರ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುವ ಕಾವೇರಿಯಾಗಿ ಕಲ್ಪನಾ ಅಭಿನಯಿಸಲಿಲ್ಲ, ಕಾವೇರಿಯೇ ಆಗಿಬಿಟ್ಟರು!

ಮೊನ್ನೆ ಮೊನ್ನೆ ಆ ಚಿತ್ರವನ್ನು ಟಿ.ವಿ.ಯಲ್ಲಿ ನೋಡಿದ ನನ್ನ ಹೆಂಡತಿ ಕಣ್ಣೊರೆಸಿಕೊಂಡು ಕೇಳಿದಳು: "ಅವಳಿಗೆ ಆಸ್ಪತ್ರೆಯಲ್ಲಿ ಮದ್ದು ಕೊಟ್ರು, ಸರಿ. ಗಂಡನಿಗೆ ಯಾರು ಕೊಟ್ರು, ಹೇಳಿ?"

ನನಗೆ ಮೂರು ವರ್ಷದ ಹಿಂದಿನ ನಮ್ಮ ಮನೆ ಕಣ್ಣಿಗೆ ಕಟ್ಟಿತು. ಮಗುವಿಗೆ ಆಗ ಎಂಟು ತಿಂಗಳು. ಹಂಪನಕಟ್ಟೆಯ ಅಂಗಡಿ ಮುಚ್ಚಿ ರಾತ್ರಿ ನಾನು ಬಂದರೆ ಇವಳು ಊಟ ಬಡಿಸಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ನನ್ನ ಮೇಲೆ ತಿರಸ್ಕಾರ ಎಂದು ನಾನು ತೀರ್ಮಾನಿಸಿದೆ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಅಂತ ಅಮ್ಮ ಸಮಾಧಾನ ಹೇಳಿದರು. ನಮ್ಮದು ಉಂಡು ಮಲಗಿದ ಮೇಲೂ ಮುಗಿಯಲಿಲ್ಲ.

ಕೊನೆಗೆ ಸ್ನೇಹಿತನೊಬ್ಬನ ಒತ್ತಾಯಕ್ಕೆ ಇಬ್ಬರೂ ಕಂಕನಾಡಿಯ ಕಡೆ ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಹೋದೆವು. "ನಮಗೆಂತ ಹುಚ್ಚಾ ಮಾರಾಯ್ರೇ?" ಎಂದು ದಾರಿಯುದ್ದಕ್ಕೂ ಗೊಣಗಿದವನು ನಾನೇ. ಆಕೆ ಮೊದಲು ಕೇಳಿದ್ದು ಇವಳ ನಿದ್ದೆಯ ಬಗ್ಗೆ. ತಿಂಗಳುಗಳಿಂದ ಇವಳು ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಕಾರಣವಿಲ್ಲದೆ ಅಳು ಬರುತ್ತಿತ್ತು. ಒಂದೇ ಹಾಸಿಗೆಯಲ್ಲಿ ಮಲಗುವ ನನಗೇ ಅದು ಗೊತ್ತಿರಲಿಲ್ಲ! ಇವಳನ್ನು ವೈದ್ಯರ ಬಳಿ ಕಳಿಸಿದರು. ನನ್ನ ಕೈಗೆ ಒಂದು ನೋಟುಪುಸ್ತಕ ಕೊಟ್ಟರು.

ಮೂರು ಗೆರೆ ಎಳೆಯಬೇಕು: ನಡೆದದ್ದೇನು, ನಾನು ಎಣಿಸಿದ್ದೇನು, ಬೇರೆ ಕಾರಣ ಇರಬಹುದೇ? ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಬೆಳೆಸಿದ ಚಿಕಿತ್ಸೆಯ ತಿರುಳು ಇದೇ ಅಂತೆ. ಘಟನೆಗೂ ಸಿಟ್ಟಿಗೂ ನಡುವೆ ಒಂದು ಯೋಚನೆ ಕಳ್ಳನ ಹಾಗೆ ನುಸುಳುತ್ತದೆ, ಅದನ್ನು ಹಿಡಿದು ವಿಚಾರಿಸಬೇಕು. "ಗೋಡೆ ಕಡೆ ತಿರುಗಿದಳು" ಎಂಬುದು ನಡೆದದ್ದು. "ತಿರಸ್ಕಾರ" ಎಂಬುದು ನಾನು ಕಟ್ಟಿದ ಕತೆ.

ಇನ್ನೊಂದು ಪಾಠ: "ನೀನು ಯಾವಾಗಲೂ ಹೀಗೇ" ಎನ್ನುವ ಬದಲು "ನನಗೆ ಬೇಸರವಾಯಿತು" ಎನ್ನಬೇಕು. ಬಾಯಿಗೆ ಬರಲು ನನಗೆ ಎರಡು ತಿಂಗಳು ಹಿಡಿಯಿತು.

ಒಳ್ಳೆಯದನ್ನೇ ಯೋಚಿಸು ಎಂದರೆ ಎಲ್ಲವೂ ಸರಿಯಿದೆ ಎಂದು ಜಪಿಸುವುದಲ್ಲ ಓದುಗರೇ, ಕೆಟ್ಟದ್ದನ್ನೇ ನಿಜವೆಂದು ನಂಬುವ ಮೊದಲು ಒಂದು ಸಲ ಕೇಳುವುದು. ಹಾಗೆಂದು ಹೊಡೆತ ಬಡಿತ ಇರುವ ಮನೆಗೆ ನೋಟುಪುಸ್ತಕ ಸಾಲದು, ಅಲ್ಲಿ ಮೊದಲು ರಕ್ಷಣೆ ಬೇಕು. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರಕಾರದ 'ಟೆಲಿ ಮಾನಸ್' 2022ರಲ್ಲಿ ಶುರುವಾಗಿದೆ. 14416ಕ್ಕೆ ಫೋನ್ ಮಾಡಿದರಾಯಿತು, ಕಾಸು ಬೇಡ.

ನಮ್ಮಲ್ಲಿ ಈಗಲೂ ಜಗಳ ಉಂಟು. ನಿನ್ನೆಯೂ ಆಯಿತು. ಆದರೆ ಮಲಗುವ ಮೊದಲು ಇವಳೇ ಕೇಳಿದಳು: "ನೀವೆಂತ ಎಣಿಸಿದ್ರಿ, ಹೇಳಿ ನೋಡುವ."

ಕಾವೇರಿಯ ಮನೆಯಲ್ಲಿ ಆ ಮಾತು ಕೇಳುವವರು ಯಾರೂ ಇರಲಿಲ್ಲ.