ಸಿಲಿಂಡರಿನ ಕೊರಳಲ್ಲೊಂದು ಪಾಠ

ಹತ್ತನೇ ಕ್ಲಾಸಿನ ವೇಳಾಪಟ್ಟಿಯಲ್ಲಿ ಜೀವನ ಕೌಶಲದ ಪೀರಿಯಡ್ ಎಂಬುದೊಂದಿದ್ದರೆ ಅದು ಸಾಮಾನ್ಯವಾಗಿ ಶನಿವಾರದ ಕೊನೆಯದು. ಜನವರಿ ಬಂತೆಂದರೆ ಗಣಿತದ ಮೇಷ್ಟ್ರು ಅದನ್ನು ಕೈಗಡ ತೆಗೆದುಕೊಳ್ಳುತ್ತಾರೆ. ಆ ಕೈಗಡ ವಾಪಸಾದದ್ದನ್ನು ನಾನಂತೂ ಕಂಡಿಲ್ಲ. ಅವರನ್ನು ದೂರುವಂತೆಯೂ ಇಲ್ಲ. ರಿಸಲ್ಟ್ ಇಳಿದರೆ ನೋಟಿಸು ಬರುವುದು ಅವರಿಗೆ. ಮಕ್ಕಳಲ್ಲಿ ಸಹಾನುಭೂತಿ ಇಳಿದರೆ ಯಾರಿಗೂ ಬರುವುದಿಲ್ಲ.

ಸಹಾನುಭೂತಿ, ಸ್ವ-ಅರಿವು, ವಿಮರ್ಶಾತ್ಮಕ ಚಿಂತನೆ ಎಂದೆಲ್ಲ ಹತ್ತು ಕೌಶಲಗಳನ್ನು ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಪಟ್ಟಿ ಮಾಡಿತು. ನಮ್ಮ ನಿಮ್ಹಾನ್ಸ್‌ನವರು ಅವನ್ನು ಹೈಸ್ಕೂಲಿಗೆ ಒಗ್ಗುವ ಚಟುವಟಿಕೆಗಳಾಗಿಸಿ ಮೇಷ್ಟ್ರುಗಳಿಗೆ ತರಬೇತಿಯನ್ನೂ ಕೊಟ್ಟರು. ಒಳ್ಳೆಯ ಕೆಲಸವೇ. ಆದರೆ ಬೋರ್ಡಿನ ಮೇಲೆ ಹತ್ತು ಹೆಸರು ಬರೆದರೆ ನಮ್ಮ ಮಕ್ಕಳು ಮಾಡುವುದು ಒಂದೇ: ಬಾಯಿಪಾಠ.

ನನಗೆ ಪರಿಚಯದ ಟೀಚರೊಬ್ಬರು ಪಟ್ಟಿಯ ಗೋಜಿಗೆ ಹೋಗದೆ ಬಿಸಿಯೂಟದ ಕೋಣೆಯಿಂದ ಖಾಲಿ ಸಿಲಿಂಡರು ಉರುಳಿಸಿಕೊಂಡು ಬಂದರು. ಕೊರಳ ಬಳಿಯ ಪಟ್ಟಿಯ ಒಳಮೈಯಲ್ಲಿ 'ಬಿ 27' ಎಂದು ಬರೆದಿತ್ತು. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲಿನಿಂದ ಜೂನ್. ಹೀಗೆ ಡಿ ತನಕ ನಾಲ್ಕು ತ್ರೈಮಾಸಿಕ. ಈ ಸಿಲಿಂಡರನ್ನು 2027ರ ಜೂನ್ ಒಳಗೆ ಮರುಪರೀಕ್ಷೆಗೆ ಕಳಿಸಬೇಕು. ಗಡುವು ಮುಗಿದದ್ದು ಮನೆಗೆ ಬಂದರೆ? "ಬೇಡ ಅನ್ನಬೇಕು ಮಿಸ್" ಎಂದು ಕ್ಲಾಸು ಒಕ್ಕೊರಲಲ್ಲಿ ಕೂಗಿತು. ಸರಿ, ಅಂದು ತೋರಿಸಿ ಎಂದರು. ಒಬ್ಬ ಹುಡುಗ ಡೆಲಿವರಿಯವನಾಗಿ, "ಎಲ್ರೂ ತಗೋತಾರಮ್ಮ, ನಿಂದೇನು? ದೊಡ್ಡೋರನ್ನ ಕರಿ" ಎಂದು ಗದರಿದ್ದೇ ತಡ, ಕ್ಲಾಸಿಗೆ ಫಸ್ಟ್ ಬರುವ ಹುಡುಗಿ ಸಹಿ ಹಾಕಲು ಕೈ ಚಾಚಿಬಿಟ್ಟಳು.

ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಹಿರಿಯರಿಗೆ ಬೇಡ ಅನ್ನುವ ಅಭ್ಯಾಸ ನಾಲಿಗೆಗೆ ಇರಲಿಲ್ಲ. "ನಮ್ಮ ಮಗು ಎದುರು ಮಾತಾಡೋದೇ ಇಲ್ಲ" ಎಂದು ನೆಂಟರೆದುರು ಬೀಗುವವರು ನಾವೇ ತಾನೆ? ದುಡ್ಡು ಜಮಾ ಆಗಲು ಯುಪಿಐ ಪಿನ್ ಒತ್ತಿ ಎಂದು ಫೋನಿನಲ್ಲಿ ಗದರುವವನಿಗೂ ಇದೇ ವಿಧೇಯತೆ ಬೇಕು. ದುಡ್ಡು ಪಡೆಯಲು ಪಿನ್ ಬೇಕಿಲ್ಲ ಎಂಬ ಮಾಹಿತಿಯೊಂದೇ ಸಾಲದು, ಫೋನ್ ಇಡುವ ಧೈರ್ಯವೂ ಬೇಕು. ಹದಿನೆಂಟು ತುಂಬುವ ಮೊದಲೇ ಗಂಡು ತೋರಿಸುವ ಸೋದರಮಾವನ ಎದುರಿಗಂತೂ ಇನ್ನೂ ಹೆಚ್ಚಿನದು.

ಇದನ್ನು ಕಲಿಸಿದ ಮೇಲೆ ಮೊದಲ 'ಬೇಡ' ಬರುವುದು ಕಲಿಸಿದವರಿಗೇ, ಆಮೇಲೆ ಅಪ್ಪ ಅಮ್ಮನಿಗೆ. ಬರಲಿ ಬಿಡಿ. ಪೋಷಕರ ಸಭೆಗೆ ಹೋದಾಗ ಅಂಕ ಕೇಳಿ, ಬೇಡ ಅನ್ನುವುದಿಲ್ಲ. ಮಗು ತರಗತಿಯಲ್ಲಿ ಎದ್ದುನಿಂತು ಯಾವುದಕ್ಕಾದರೂ ತಕರಾರು ಎತ್ತಿತೇ ಎಂದೂ ಕೇಳಿ. ಇಲ್ಲ ಎಂದರೆ ಖುಷಿಪಡಬೇಡಿ.